ಸುಣ್ಣ ಹೆಚ್ಚಾಯಿತು, ಸತು ಸಾಲದಾಯಿತು: ಬೆಳೆಯುವ ಹಂದಿಗಳ ಖನಿಜದ ಲೆಕ್ಕ ನಾನು ಕಲಿತದ್ದು

ಸುಮಾರು 30 ಕಿಲೋ ತೂಕಕ್ಕೆ ಬಂದಿದ್ದ 14 ಹಂದಿಗಳ ಒಂದು ತಂಡದಲ್ಲಿ ಮೊದಲು ಮೂರಕ್ಕೆ, ಹತ್ತು ದಿನ ಕಳೆಯುವಷ್ಟರಲ್ಲಿ ಒಂಬತ್ತಕ್ಕೆ ಮೈಮೇಲೆ ಹುರುಪೆ ಎದ್ದಿತು. ಹೊಟ್ಟೆಯ ಕೆಳಭಾಗದಲ್ಲಿಯೂ ತೊಡೆಯ ಒಳಮೈಯಲ್ಲಿಯೂ ಸಣ್ಣ ಕೆಂಪು ಗುಳ್ಳೆಗಳು ಕಾಣಿಸಿಕೊಂಡು, ಅವು ಒಣಗಿ ದಪ್ಪ ಪದರವಾಗಿ, ಹಿಂಗಾಲಿನ ಗಂಟುಗಳ ಮೇಲೆ ಕೆರೆಯ ಒಣ ಮಣ್ಣಿನಂತೆ ಬಿರಿದಿದ್ದವು. ಬಿರುಕುಗಳಲ್ಲಿ ಕೊಳೆ ಕೂತು ಕಪ್ಪು ಗೆರೆಗಳಾಗಿದ್ದವು. ನಾನು ಕಜ್ಜಿ ಎಂದೇ ತೀರ್ಮಾನಿಸಿ ಎರಡು ಬಾರಿ ಕಜ್ಜಿಯ ಔಷಧ ಕೊಡಿಸಿದೆ. ಯಾವ ಬದಲಾವಣೆಯೂ ಆಗಲಿಲ್ಲ. ಬದಲಿಗೆ ಮೇವಿನ ತೊಟ್ಟಿಯಲ್ಲಿ ಆಹಾರ ಉಳಿಯತೊಡಗಿತು.

ಮೂರನೆಯ ಸಲ ಬಂದ ಪಶುವೈದ್ಯರು ಹಂದಿಗಳನ್ನು ಮುಟ್ಟುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿದರು. ಒಂದು ಹಂದಿಯೂ ಗೋಡೆಗೆ ಮೈ ಉಜ್ಜುತ್ತಿರಲಿಲ್ಲ. ಅನಂತರ ಒಂದರ ಕಿವಿಯನ್ನು ಮಡಚಿ ಒಳಗೆ ತೋರಿಸಿದರು, ಅದು ಸ್ವಚ್ಛವಾಗಿತ್ತು. ಹಂದಿಗಳಲ್ಲಿ ಕಜ್ಜಿಯ ಹುಳು ಸಾಮಾನ್ಯವಾಗಿ ತಲೆ ಮತ್ತು ಕಿವಿಗಳಿಂದ ಆರಂಭವಾಗುತ್ತದೆ, ತುರಿಕೆ ವಿಪರೀತವಾಗಿರುತ್ತದೆ. ಇಲ್ಲಿ ತುರಿಕೆಯೇ ಇರಲಿಲ್ಲ, ಹುರುಪೆಯು ಮೈಯ ಎರಡೂ ಬದಿಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಇತ್ತು. ಹೆಬ್ಬೆರಳಿನಿಂದ ಒತ್ತಿ ಉಜ್ಜಿದಾಗ ಪದರವು ಪುಡಿಯಾಗಿ ಉದುರಿತು, ಹಂದಿ ನೋವಿನಿಂದ ಜಗ್ಗಲೂ ಇಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ಆಹಾರಕ್ಕೆ ಸುಣ್ಣಕಲ್ಲಿನ ಪುಡಿ ಎಷ್ಟು ಹಾಕುತ್ತಿದ್ದೀರಿ?

ಆ ಪ್ರಶ್ನೆಗೆ ನಾನು ಸ್ವಲ್ಪ ಹೆಮ್ಮೆಯಿಂದಲೇ ಉತ್ತರಿಸಿದೆ, ಏಕೆಂದರೆ ಅದರ ಹಿಂದಿನ ತಂಡದಲ್ಲಿ ನಾಲ್ಕು ಹಂದಿಗಳು ಕುಂಟತೊಡಗಿದ್ದವು, ಎರಡಕ್ಕೆ ಮುಂಗಾಲು ಬಾಗಿತ್ತು, ಮತ್ತು ಮೂಳೆ ಗಟ್ಟಿಯಾಗಬೇಕಾದರೆ ಸುಣ್ಣ ಬೇಕು ಎಂಬ ಲೆಕ್ಕದಲ್ಲಿ ನಾನು ಈ ತಂಡಕ್ಕೆ ಸುಣ್ಣಕಲ್ಲಿನ ಪುಡಿಯನ್ನು ಎರಡು ಪಟ್ಟು ಮಾಡಿದ್ದೆ. ಅದರ ಜೊತೆಗೆ ಹಿಂದೆ ಹಾಕದೇ ಇದ್ದ ಡೈಕ್ಯಾಲ್ಸಿಯಂ ಫಾಸ್ಫೇಟನ್ನೂ, ಅಂದರೆ ಎಲ್ಲರೂ ಡಿಸಿಪಿ ಎನ್ನುವ ಪುಡಿಯನ್ನೂ, ಧಾರಾಳವಾಗಿ ಸೇರಿಸಿದ್ದೆ. 100 ಕಿಲೋ ಆಹಾರಕ್ಕೆ ಮೆಕ್ಕೆಜೋಳ 63 ಕಿಲೋ, ಸೋಯಾ ಹಿಂಡಿ 20 ಕಿಲೋ, ಗೋಧಿ ಬೂಸಾ 13 ಕಿಲೋ, ಸುಣ್ಣಕಲ್ಲಿನ ಪುಡಿ 2 ಕಿಲೋ, ಡಿಸಿಪಿ ಒಂದೂವರೆ ಕಿಲೋ, ಉಪ್ಪು 350 ಗ್ರಾಂ. ವಿಟಮಿನ್ ಮಿಶ್ರಣ ಬಿಟ್ಟರೆ ಬೇರೇನೂ ಇಲ್ಲ. ಸತು, ತಾಮ್ರ, ಸೆಲೆನಿಯಂ ಮುಂತಾದ ಸೂಕ್ಷ್ಮ ಖನಿಜಗಳ ಹೆಸರೇ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಆ ಸಂಜೆ ವೈದ್ಯರು ನನ್ನನ್ನು ಕೂರಿಸಿಕೊಂಡು ಮಾಡಿಸಿದ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ, ಏಕೆಂದರೆ ನನ್ನ ಕಣ್ಣು ತೆರೆಸಿದ್ದು ಅದೇ. ಮೆಕ್ಕೆಜೋಳದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಶೇ. 0.02ರಷ್ಟು ಮಾತ್ರ. ಸೋಯಾ ಹಿಂಡಿ ಮತ್ತು ಬೂಸಾಗಳನ್ನು ಸೇರಿಸಿದರೂ ಆ 96 ಕಿಲೋ ಪದಾರ್ಥಗಳಿಂದ ಸಿಗುವುದು ಸುಮಾರು 90 ಗ್ರಾಂ ಕ್ಯಾಲ್ಸಿಯಂ. ಸುಣ್ಣಕಲ್ಲಿನ ಪುಡಿಯಲ್ಲಿ ಶೇ. 38ರಷ್ಟು ಕ್ಯಾಲ್ಸಿಯಂ ಇರುವುದರಿಂದ 2 ಕಿಲೋಗೆ 760 ಗ್ರಾಂ; ಡಿಸಿಪಿಯಲ್ಲಿ ಶೇ. 22 ಎಂದುಕೊಂಡರೆ ಒಂದೂವರೆ ಕಿಲೋಗೆ 330 ಗ್ರಾಂ. ಒಟ್ಟು 1180 ಗ್ರಾಂ, ಅಂದರೆ ಆಹಾರದ ಶೇ. 1.18. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2012ರಲ್ಲಿ ಪ್ರಕಟಿಸಿದ ಪೋಷಕಾಂಶಗಳ ಪಟ್ಟಿಯ ಪ್ರಕಾರ 25ರಿಂದ 50 ಕಿಲೋ ತೂಕದ ಹಂದಿಗೆ ಬೇಕಾದದ್ದು ಶೇ. 0.66. ನಾನು ಬೇಕಾದುದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು ಉಣಿಸುತ್ತಿದ್ದೆ.

ಇನ್ನು ಸತುವಿನ ಲೆಕ್ಕ. ಅದೇ ಪಟ್ಟಿಯಲ್ಲಿ ಈ ತೂಕದ ಹಂದಿಗೆ ಪ್ರತಿ ಕಿಲೋ ಆಹಾರದಲ್ಲಿ 60 ಮಿಲಿಗ್ರಾಂ ಸತು ಇರಬೇಕು. ನನ್ನ ಮೆಕ್ಕೆಜೋಳ, ಹಿಂಡಿ, ಬೂಸಾಗಳಿಂದ ಸಿಗುತ್ತಿದ್ದದ್ದು ಕಿಲೋಗೆ ಹೆಚ್ಚುಕಡಿಮೆ 30 ಮಿಲಿಗ್ರಾಂ. ಆ ಅರ್ಧವೂ ಹಂದಿಗೆ ಪೂರ್ತಿಯಾಗಿ ದಕ್ಕುವುದಿಲ್ಲ. ಧಾನ್ಯ ಮತ್ತು ಹಿಂಡಿಗಳಲ್ಲಿ ಫೈಟೇಟ್ ಎಂಬ ವಸ್ತು ಇದೆ. ಅದು ಕರುಳಿನಲ್ಲಿ ಸತುವನ್ನು ಹಿಡಿದುಕೊಳ್ಳುತ್ತದೆ, ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಅದೂ ಸೇರಿಕೊಂಡು ಕರಗದ ಗಂಟಾಗುತ್ತದೆ, ಆ ಗಂಟು ಸಗಣಿಯಲ್ಲಿ ಹಾಗೆಯೇ ಹೊರಹೋಗುತ್ತದೆ. ಮೊದಲೇ ಅರೆಹೊಟ್ಟೆ ಸತು, ಅದರ ಮೇಲೆ ನಾನು ಹಾಕಿದ ಸುಣ್ಣ. ಚರ್ಮದ ಈ ರೋಗಕ್ಕೆ ಪ್ಯಾರಾಕೆರಟೋಸಿಸ್ ಎಂದು ಹೆಸರು. ಸತು ಕೊಟ್ಟರೆ ಇದು ವಾಸಿಯಾಗುತ್ತದೆ ಎಂಬುದನ್ನು ಟಕರ್ ಮತ್ತು ಸಾಲ್ಮನ್ ಎಂಬ ಸಂಶೋಧಕರು 1955ರಷ್ಟು ಹಿಂದೆಯೇ ತೋರಿಸಿದ್ದರು ಎಂದು ವೈದ್ಯರು ಹೇಳಿದಾಗ, ಅಷ್ಟು ಹಳೆಯ ತಿಳಿವಳಿಕೆಯೂ ನನ್ನವರೆಗೆ ಬಂದಿರಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು.

ಮರುದಿನವೇ ಉಳಿದ ಆಹಾರವನ್ನು ಬದಿಗಿಟ್ಟು ಹೊಸದಾಗಿ ಬೆರೆಸಿದೆ. ಸುಣ್ಣಕಲ್ಲಿನ ಪುಡಿಯನ್ನು 1 ಕಿಲೋಗೆ, ಡಿಸಿಪಿಯನ್ನು 800 ಗ್ರಾಂಗೆ ಇಳಿಸಿ, ಕಡಿಮೆಯಾದ ತೂಕವನ್ನು ಮೆಕ್ಕೆಜೋಳದಿಂದ ತುಂಬಿದೆ. ಪ್ರತಿ ಕಿಲೋ ಆಹಾರಕ್ಕೆ 80 ಮಿಲಿಗ್ರಾಂ ಸತು ಹೆಚ್ಚುವರಿಯಾಗಿ ಸಿಗುವಂತೆ, 100 ಕಿಲೋಗೆ 23 ಗ್ರಾಂ ಸತುವಿನ ಸಲ್ಫೇಟ್ ಸೇರಿಸಿದೆ. ಸತುವಿನ ಸಲ್ಫೇಟ್ ಎರಡು ರೂಪಗಳಲ್ಲಿ ದೊರೆಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು: ನಾನು ಬಳಸಿದ, ಪುಡಿಯ ರೂಪದ ಮಾನೋಹೈಡ್ರೇಟಿನಲ್ಲಿ ಸುಮಾರು ಶೇ. 35 ಸತು ಇದ್ದರೆ, ಹರಳಿನ ರೂಪದ ಹೆಪ್ಟಾಹೈಡ್ರೇಟಿನಲ್ಲಿ ಶೇ. 22 ಮಾತ್ರ ಇರುತ್ತದೆ. ಚೀಲದ ಮೇಲಿನ ಬರಹ ಓದದೆ ತೂಗಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಐದಾರು ದಿನಗಳಲ್ಲಿ ತೊಟ್ಟಿ ಖಾಲಿಯಾಗತೊಡಗಿತು. ಎರಡನೆಯ ವಾರ ಹುರುಪೆಯ ಅಂಚುಗಳು ಮೇಲೆದ್ದವು, ನಾಲ್ಕನೆಯ ವಾರದ ಹೊತ್ತಿಗೆ ಕಾಲಿನ ಗಂಟುಗಳ ಮೇಲೆ ನಸುಗೆಂಪು ಹೊಸ ಚರ್ಮ ಕಾಣಿಸಿತು. ಎರಡು ಹಂದಿಗಳು ಮಾತ್ರ ತೂಕದಲ್ಲಿ ಕೊನೆಯವರೆಗೂ ಹಿಂದೆಯೇ ಉಳಿದವು.

ಹಾಗಾದರೆ ಹಿಂದಿನ ತಂಡದ ಕುಂಟುತನ ಏನಾಗಿತ್ತು? ಆ ತಂಡಕ್ಕೆ ನಾನು ಸುಣ್ಣಕಲ್ಲಿನ ಪುಡಿ 1 ಕಿಲೋ ಹಾಕುತ್ತಿದ್ದೆ, ಡಿಸಿಪಿ ಇರಲಿಲ್ಲ. ಕ್ಯಾಲ್ಸಿಯಂ ಕೂಡ ಕಡಿಮೆಯೇ ಇತ್ತು, ಆದರೆ ದೊಡ್ಡ ಕೊರತೆ ಇದ್ದದ್ದು ರಂಜಕದ್ದು, ಅಂದರೆ ಫಾಸ್ಫರಸ್ಸಿನದು. ಒಟ್ಟು ರಂಜಕ ಶೇ. 0.56 ಇರಬೇಕಾದ ಕಡೆ ಧಾನ್ಯ, ಹಿಂಡಿಗಳಿಂದ ಬರುತ್ತಿದ್ದದ್ದು ಶೇ. 0.43, ಮತ್ತು ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದೇ ಫೈಟೇಟಿನಲ್ಲಿ ಬಂಧಿಯಾಗಿತ್ತು. ಅದನ್ನು ಒಡೆಯುವ ಫೈಟೇಸ್ ಎಂಬ ಕಿಣ್ವ ಹಂದಿಯ ಕರುಳಿನಲ್ಲಿ ಸಾಕಷ್ಟು ಇಲ್ಲ. ಮೂಳೆಗೆ ಎರಡೂ ಬೇಕು, ಒಂದಕ್ಕೊಂದು ಹೊಂದಿಕೊಂಡೇ ಬೇಕು: ಒಟ್ಟು ಲೆಕ್ಕದಲ್ಲಿ ಒಂದು ಪಾಲು ರಂಜಕಕ್ಕೆ ಕ್ಯಾಲ್ಸಿಯಂ ಒಂದರಿಂದ ಒಂದೂಕಾಲು ಪಾಲು. ಕುಂಟುವ ಹಂದಿಗೆ ಸುಣ್ಣ ಸುರಿದರೆ ರಂಜಕದ ಕೊರತೆ ಇನ್ನೂ ತೀವ್ರವಾಗುತ್ತದೆ. ನನ್ನ ತಿದ್ದಿದ ಮಿಶ್ರಣದಲ್ಲಿ ಡಿಸಿಪಿಯ 800 ಗ್ರಾಂಗಳಿಂದ 144 ಗ್ರಾಂ ರಂಜಕ ಸೇರಿ ಒಟ್ಟು ಶೇ. 0.57 ಆಯಿತು, ಕ್ಯಾಲ್ಸಿಯಂ ಶೇ. 0.65ಕ್ಕೆ ಬಂತು.

ಮುಂದಿನ ತಂಡದಿಂದ ಫೈಟೇಸ್ ಕಿಣ್ವವನ್ನೇ ಆಹಾರಕ್ಕೆ ಸೇರಿಸಲು ಆರಂಭಿಸಿದೆ, ಕಿಲೋಗೆ 500 ಯೂನಿಟ್ ಪ್ರಮಾಣದಲ್ಲಿ. ಅದು ಬಿಡಿಸಿಕೊಡುವ ರಂಜಕವನ್ನು ಶೇ. 0.1 ಎಂದು ಹಿಡಿದು ಡಿಸಿಪಿಯನ್ನು 250 ಗ್ರಾಂಗೆ ಇಳಿಸಿದೆ. ಬಂಧಿಯಾಗಿದ್ದ ಕ್ಯಾಲ್ಸಿಯಂ ಕೂಡ ಸ್ವಲ್ಪ ಬಿಡುಗಡೆಯಾಗುವುದರಿಂದ ಸುಣ್ಣದ ಪುಡಿಯನ್ನು ಹೆಚ್ಚಿಸಲಿಲ್ಲ. ಸುಣ್ಣ ಮಿತಿ ಮೀರಿದರೆ ಈ ಕಿಣ್ವದ ಕೆಲಸವೂ ಕುಂಠಿತವಾಗುತ್ತದೆ. ಕಿಣ್ವವು ಬಿಸಿಗೆ ಹಾಳಾಗುವಂಥದ್ದಾದ್ದರಿಂದ ತಂಪಾದ ಜಾಗದಲ್ಲಿ, ಸಲ್ಫೇಟುಗಳಿಂದ ಬೇರೆಯಾಗಿ ಇಡುತ್ತೇನೆ.

ಬೆರೆಸುವ ಕೆಲಸಕ್ಕೆ ನಾನು ಕೊಡುವ ಸಮಯವನ್ನು ನೋಡಿದವರು ಅತಿಯಾಯಿತೆನ್ನುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. 23 ಗ್ರಾಂ ಪುಡಿಯನ್ನು ನೇರವಾಗಿ 100 ಕಿಲೋಗೆ ಎರಚಿದರೆ ಒಂದು ಹಂದಿಗೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ. ಆದ್ದರಿಂದ ಸೂಕ್ಷ್ಮ ಖನಿಜಗಳನ್ನು ಮೊದಲು 1 ಕಿಲೋ ನುಣ್ಣನೆಯ ಮೆಕ್ಕೆಜೋಳದ ಹಿಟ್ಟಿನೊಂದಿಗೆ, ಅದನ್ನು 10 ಕಿಲೋ ಆಹಾರದ ಪುಡಿಯೊಂದಿಗೆ, ಅದನ್ನು ಪೂರ್ತಿ ರಾಶಿಯೊಂದಿಗೆ ಬೆರೆಸುತ್ತೇನೆ. ಸತುವಿನ ಜೊತೆ ಸ್ವಲ್ಪವೇ ಸೇರಿಸುವ ತಾಮ್ರದ ಸಲ್ಫೇಟ್ ನೀಲಿಯಾಗಿರುವುದು ಇಲ್ಲಿ ಉಪಯೋಗಕ್ಕೆ ಬಂತು. ಮೊದಲ ಸಲ ಬೆರೆಸಿದ ಮೇಲೆ ರಾಶಿಯ ನಾಲ್ಕು ಕಡೆಯಿಂದ ಒಂದೊಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹರಡಿದಾಗ ಒಂದರಲ್ಲಿ ಏಳೆಂಟು ನೀಲಿ ಕಣಗಳಿದ್ದವು, ಒಂದರಲ್ಲಿ ಒಂದೂ ಇರಲಿಲ್ಲ. ಅಂದಿನಿಂದ ಹರಳುಗಳನ್ನು ನುಣ್ಣಗೆ ಅರೆದು, ನಾಲ್ಕೂ ಹಿಡಿಗಳು ಒಂದೇ ತೆರನಾಗಿ ಕಾಣುವವರೆಗೆ ಮಗುಚುತ್ತೇನೆ.

ಸೆಲೆನಿಯಂ ಮಾತ್ರ ನಾನು ಎಂದೂ ಕೈಯಾರೆ ತೂಗುವುದಿಲ್ಲ. ಅದು ಬೇಕಾಗುವುದು ಕಿಲೋ ಆಹಾರಕ್ಕೆ 0.2 ಮಿಲಿಗ್ರಾಂ, ಮತ್ತು 5 ಮಿಲಿಗ್ರಾಂ ದಾಟಿದರೆ ಅದೇ ವಿಷವಾಗಬಹುದು. ಅದನ್ನೂ ಅಯೋಡಿನನ್ನೂ ತಯಾರಾದ ಮಿಶ್ರಣದಿಂದಲೇ ಪಡೆಯುತ್ತೇನೆ. ಕಬ್ಬಿಣದ ವಿಷಯದಲ್ಲಿ ಬೆಳೆಯುವ ಹಂದಿಗಿಂತ ಹಾಲು ಕುಡಿಯುವ ಮರಿಯ ಬಗ್ಗೆಯೇ ನನಗೆ ಹೆಚ್ಚು ಕಾಳಜಿ, ಏಕೆಂದರೆ ತಾಯಿಯ ಹಾಲಿನಿಂದ ಅದಕ್ಕೆ ದಿನಕ್ಕೆ ಸಿಗುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಹುಟ್ಟಿದ ಮೂರು ದಿನಗಳೊಳಗೆ 200 ಮಿಲಿಗ್ರಾಂ ಕಬ್ಬಿಣದ ಚುಚ್ಚುಮದ್ದು ಕೊಡಿಸಿದ ಮರಿಗಳು ಮುಂದೆ ಆಹಾರಕ್ಕೆ ಬಂದಾಗ ಆ ಕೊರತೆ ಇರುವುದಿಲ್ಲ. ಬೆಳವಣಿಗೆ ಚುರುಕಾಗಲೆಂದು ತಾಮ್ರವನ್ನು ಕಿಲೋಗೆ 125ರಿಂದ 250 ಮಿಲಿಗ್ರಾಂವರೆಗೆ ಹಾಕುವ ಪದ್ಧತಿಯೂ ಇದೆ, ಅದರಿಂದ ತೂಕ ಹೆಚ್ಚುವುದೂ ನಿಜ. ನಾನು ಅಷ್ಟೊಂದು ತಾಮ್ರ ಬೇಡವೆಂದುಕೊಂಡೆ. ತಿಂದ ತಾಮ್ರದ ಬಹುಪಾಲು ಗೊಬ್ಬರವಾಗಿ ಹೊಲಕ್ಕೆ ಹೋಗಿ ಮಣ್ಣಿನಲ್ಲಿಯೇ ಉಳಿಯುತ್ತದೆ, ಅಂಥ ಗೊಬ್ಬರ ಬಿದ್ದ ಹುಲ್ಲನ್ನು ಮೇಯುವ ಕುರಿಗಳಿಗೆ ತಾಮ್ರ ಬಹಳ ಬೇಗ ವಿಷವಾಗುತ್ತದೆ.

ಉಪ್ಪು 350 ಗ್ರಾಂ ಹಾಗೆಯೇ ಇದೆ. ಆದರೆ ಒಂದು ಬೆಳಿಗ್ಗೆ ನೀರಿನ ನಿಪ್ಪಲ್ ಕಟ್ಟಿಕೊಂಡು ಒಂದು ಅಂಕಣದ ಹಂದಿಗಳು ರಾತ್ರಿಯಿಡೀ ನೀರಿಲ್ಲದೆ ಇದ್ದದ್ದು ಗೊತ್ತಾಯಿತು. ಸರಿಯಾದ ಪ್ರಮಾಣದ ಉಪ್ಪು ಕೂಡ ನೀರಿಲ್ಲದಿದ್ದರೆ ಮಿದುಳಿಗೆ ಹಾನಿ ಮಾಡಬಲ್ಲದು, ಅಂಥ ಹಂದಿಗಳಿಗೆ ಒಮ್ಮೆಲೇ ಬೇಕಾದಷ್ಟು ನೀರು ಬಿಟ್ಟರೆ ಅಪಾಯ ಇನ್ನೂ ಹೆಚ್ಚು. ಅಂದು ಸ್ವಲ್ಪಸ್ವಲ್ಪವಾಗಿ, ಹಲವು ಸಲ ನೀರು ಕೊಟ್ಟು ಪಾರಾದೆವು. ಈಗ ದಿನಕ್ಕೆ ಎರಡು ಬಾರಿ ಪ್ರತಿಯೊಂದು ನಿಪ್ಪಲನ್ನೂ ಬೆರಳಿನಿಂದ ಒತ್ತಿ ನೋಡುತ್ತೇನೆ.

ಹಂದಿಗಳು 50 ಕಿಲೋ ದಾಟಿದಾಗ ಪಟ್ಟಿ ಬದಲಾಗುತ್ತದೆ: ಕ್ಯಾಲ್ಸಿಯಂ ಶೇ. 0.59, ಒಟ್ಟು ರಂಜಕ ಶೇ. 0.52, ಸತು ಕಿಲೋಗೆ 50 ಮಿಲಿಗ್ರಾಂ. ಸುಣ್ಣ ಮತ್ತು ಡಿಸಿಪಿಯನ್ನು ಅದಕ್ಕೆ ತಕ್ಕಂತೆ ಇಳಿಸುತ್ತೇನೆ, ಸತುವನ್ನು ಮಾತ್ರ ಇಳಿಸುವುದಿಲ್ಲ. ಪ್ರತಿ ಭಾನುವಾರ ತೂಕ ನೋಡುವಾಗ ಹಿಂಗಾಲಿನ ಗಂಟುಗಳನ್ನು ಬೆರಳಿನಿಂದ ಸವರಿ, ಚರ್ಮ ನುಣುಪಾಗಿದೆಯೇ ಎಂದು ತೂಕದ ಪಕ್ಕದಲ್ಲಿ ಬರೆದಿಡುತ್ತೇನೆ.