ಸ್ಟೀರಿಂಗ್ ತಿರುಗಿಸಿದಾಗ ಬರುವ 'ಟಣ್' ಸದ್ದು

ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಸಂಡೂರು, ತೋರಣಗಲ್ಲು ಕಡೆಯ ಕಾರುಗಳು ಜಾಸ್ತಿ ಬರುತ್ತವೆ. ಅದಿರು ಲಾರಿಗಳ ಹಿಂದೆ ಓಡಿ ಓಡಿ ಬಾನೆಟ್ ಒಳಗೆಲ್ಲ ಕೆಂಪು ಧೂಳು. ಈಚೆಗೆ ಬಂದ ಒಂದು ಕಾರಿಗೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ 'ಟಣ್' ಅನ್ನುವ ಸದ್ದು. ಬೇರೆಡೆ ತೋರಿಸಿದ್ದಕ್ಕೆ, ಸ್ಟೀರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಸ್ಟೀರಿಂಗ್ ರ‍್ಯಾಕ್ ಬದಲಿಸಬೇಕು ಅಂದಿದ್ದರಂತೆ. ನಾನು ಮೊದಲು ನೋಡಿದ್ದು ಸ್ಟ್ರಟ್ (ಮುಂದಿನ ಚಕ್ರದ ಶಾಕರ್, ಸ್ಪ್ರಿಂಗ್ ಸೇರಿದ ಕಂಬ) ಮೇಲಿನ ಥ್ರಸ್ಟ್ ಬೇರಿಂಗನ್ನು.

ಮಾರುತಿ 800 ಕಾಲದಿಂದ ನಮ್ಮ ಸಣ್ಣ ಕಾರುಗಳ ಮುಂದೆ ಇರುವುದು ಹೆಚ್ಚಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್. ಚಕ್ರ ತಿರುಗಿದಾಗ ಶಾಕರ್, ಸ್ಪ್ರಿಂಗ್ ಎರಡೂ ಜೊತೆಗೇ ತಿರುಗುತ್ತವೆ. ಮೇಲಿನ ರಬ್ಬರ್ ಮೌಂಟ್ ಮಾತ್ರ ಬಾಡಿಗೆ ಬಿಗಿದಿರುತ್ತದೆ, ಅಲ್ಲಾಡುವುದಿಲ್ಲ. ಸ್ಪ್ರಿಂಗಿಗೂ ಈ ಮೌಂಟಿಗೂ ನಡುವೆ ಕೂತು, ಆ ಮೂಲೆಯ ಭಾರ ಹೊತ್ತುಕೊಂಡೇ ತಿರುಗುವುದು ಈ ಬೇರಿಂಗ್. ಪೂರ್ತಿ ಸುತ್ತು ಅದಕ್ಕಿಲ್ಲ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಷ್ಟೇ. ರಸ್ತೆ ಗುಂಡಿಯ ಏಟೆಲ್ಲ ಒಂದೇ ಜಾಗಕ್ಕೆ ಬಿದ್ದು, ಗುಂಡುಗಳು ಓಡುವ ದಾರಿಯಲ್ಲಿ ತಗ್ಗು ಬೀಳುತ್ತದೆ. ಸೀಲ್ ಸವೆದು ಅದಿರಿನ ಧೂಳು, ನೀರು ಒಳಗೆ ಹೋದರಂತೂ ಗ್ರೀಸೇ ಉಜ್ಜುಪುಡಿ ಆಗಿಬಿಡುತ್ತದೆ.

ಬೇರಿಂಗ್ ಹಿಡಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಳ್ಳುತ್ತಾ ಹೋಗಿ, ತಡೆಯಲಾಗದೆ ಒಮ್ಮೆಲೇ ಬಿಡುತ್ತದೆ. ಸದ್ದು ಬರುವುದು ಆಗಲೇ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದೂ ಕಷ್ಟವಾಗುತ್ತದೆ.

ಪರೀಕ್ಷೆ ಸುಲಭ. ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಚಾಲೂ ಇಟ್ಟು, ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸಲು ಹುಡುಗನಿಗೆ ಹೇಳಿದೆ. ಸ್ಪ್ರಿಂಗಿನ ಹೊರಮೈ ಮೇಲೆ ಅಂಗೈ ಇಟ್ಟೆ. ಸುರುಳಿಗಳ ನಡುವೆ ಬೆರಳು ಮಾತ್ರ ಹಾಕಲೇಬಾರದು. ಬಲಗಡೆ ಸ್ಪ್ರಿಂಗ್ ನಯವಾಗಿ ತಿರುಗಿತು. ಎಡಗಡೆಯದು ನಿಂತು, ಆಮೇಲೆ ಜಿಗಿಯಿತು. ರ‍್ಯಾಕ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಬಿಚ್ಚುವಾಗ ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನವಾದ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಬಿಗಿಯದೆ ಸ್ಟ್ರಟ್‌ನ ನಡುವಿನ ನಟ್ ಯಾರೂ ಮುಟ್ಟುವಂತಿಲ್ಲ. ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಪ್ರಾಣವೇ ಹೋಗಬಹುದು.

ಎರಡೂ ಕಡೆ ಹೊಸ ಬೇರಿಂಗ್ ಹಾಕಿದೆ. ಬಲಗಡೆಯದೂ ಅದೇ ಧೂಳು ತಿಂದಿದ್ದಲ್ವಾ? ಎಡಗಡೆ ರಬ್ಬರ್ ಮೌಂಟ್ ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದೆ. ಬೇರಿಂಗಿನ ಮೇಲ್ಮುಖ, ಕೆಳಮುಖ ನೋಡಿಯೇ ಕೂರಿಸಬೇಕು. ನಟ್ಟನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿದು, ಅಲೈನ್‌ಮೆಂಟ್ ಮಾಡಿಸಿ ಕೊಟ್ಟೆ. ವಾಟರ್ ಸರ್ವಿಸ್ ಮಾಡಿಸುವಾಗ ಸ್ಟ್ರಟ್ ತಲೆಗೆ ನೇರವಾಗಿ ಪ್ರೆಷರ್ ನೀರು ಹೊಡೆಸಬೇಡಿ ಅಂತ ಕಾರಿನವರಿಗೆ ಹೇಳಿ ಕಳಿಸಿದೆ.