ಫಿಲ್ಟರ್ ಕಣ್ಣಿಗೆ ಮಣ್ಣೆರಚಿದ ಮೇಲ್ ಹಿಡಿಯುವುದು ಹೀಗೆ

ತುಮಕೂರಿನ ಒಂದು ಸಹಕಾರಿ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ತಿಂಗಳು ಅಕೌಂಟ್ಸ್ ಮೇಡಂ ಕರೆದರು. "ಸರ್, ಇದು ಇನ್‌ಬಾಕ್ಸ್‌ಗೇ ಬಂದಿದೆ. ಸ್ಪ್ಯಾಮ್ ಆಗಿದ್ರೆ ಸ್ಪ್ಯಾಮ್ ಫೋಲ್ಡರ್‌ಗೇ ಹೋಗ್ತಿತ್ತು ಅಲ್ವಾ?" ಮೇಲ್‌ಬಾಕ್ಸ್ ತುಂಬಿದೆ, ಇವತ್ತೇ ಪಾಸ್‌ವರ್ಡ್ ಹಾಕಿ ಅಂತ ಇಂಗ್ಲಿಷಿನಲ್ಲಿ ಬಂದಿದ್ದ ಮೇಲ್.

ಇಂಥದ್ದು ಬಂದರೆ ಮೊದಲು ಕಂಟ್ರೋಲ್-ಎ ಒತ್ತಿ. ನಾನೂ ಒತ್ತಿದೆ. ಕೆಳಗೆ ಖಾಲಿ ಇದ್ದ ಜಾಗವೆಲ್ಲ ನೀಲಿಯಾಗಿ, ಅದರೊಳಗೆ ಇಪ್ಪತ್ತು ಸಾಲು ಕಂಡವು. ಮಳೆ, ತೋಟ, ಅಜ್ಜಿ, ರೈಲು, ತಲೆಬುಡವಿಲ್ಲದ ಕತೆ. ಬಿಳಿ ಮೇಲೆ ಬಿಳಿ ಅಕ್ಷರ. ಅದು ಮೇಡಂ ಓದಲಿ ಅಂತ ಬರೆದದ್ದಲ್ಲ, ಸ್ಪ್ಯಾಮ್ ಬೇರ್ಪಡಿಸುವ ಫಿಲ್ಟರ್ ಓದಲಿ ಅಂತ. ಪದಗಳಿಗೆ ಅಂಕ ಹಾಕಿ ಸ್ಪ್ಯಾಮ್ ಹಿಡಿಯುವ ವಿಧಾನ 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ಲೇಖನದಿಂದ ಜನಪ್ರಿಯವಾಯಿತು. ಲಾಟರಿ, ಸಾಲದಂಥ ಪದ ಜಾಸ್ತಿಯಾದರೆ ತಕ್ಕಡಿ ಒಂದು ಕಡೆ ವಾಲುತ್ತದೆ. ಕಳ್ಳರು ಇನ್ನೊಂದು ತಟ್ಟೆಗೆ ಅಜ್ಜಿ, ತೋಟ ಸುರಿಯುತ್ತಾರೆ.

ಆಮೇಲೆ ಕಂಟ್ರೋಲ್-ಎಫ್ ಒತ್ತಿ, ಕಣ್ಣೆದುರೇ ಇರುವ ಒಂದು ಪದವನ್ನು ನೀವೇ ಟೈಪ್ ಮಾಡಿ ಹುಡುಕಿ. ಸಿಗಲಿಲ್ಲವಾ? ಹಾಗಾದರೆ ಅಕ್ಷರ ಬದಲಾಗಿರಬಹುದು. ರಷ್ಯನ್ ಲಿಪಿಯ ಕೆಲವು ಅಕ್ಷರ ನೋಡಲು ಇಂಗ್ಲಿಷಿನ ಎ, ಓ ತರಹವೇ ಇರುತ್ತವೆ. ನಮಗಿದು ಹೊಸದೇನಲ್ಲ. 'ಬೆಂಗಳೂರು', 'ಬೆ೦ಗಳೂರು' ಎರಡನ್ನೂ ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ! ನಮ್ಮವರು ಸುಮ್ನೆ ಮಾಡುವ ತಪ್ಪನ್ನೇ ಅವರು ಬೇಕಂತ ಮಾಡುತ್ತಾರೆ.

ಅಕ್ಷರ ಸೆಲೆಕ್ಟೇ ಆಗದಿದ್ದರೆ ಇಡೀ ಮೇಲ್ ಒಂದು ಚಿತ್ರ ಇರಬಹುದು. ಇದು 2006ರ ಹೊತ್ತಿನ ಹಳೇ ಆಟ. ಈಗ ಚಿತ್ರದಲ್ಲಿ ಕ್ಯೂಆರ್ ಕೋಡ್ ಇಡುತ್ತಾರೆ. ಸ್ಕ್ಯಾನ್ ಮಾಡಬೇಡಿ. ಆಫೀಸ್ ಕಂಪ್ಯೂಟರಿಗೆ ಇರುವ ಕಾವಲು ನಿಮ್ಮ ಫೋನಿಗಿಲ್ಲ.

ಕೊನೆಗೆ ಕಳಿಸಿದವರು ಯಾರು ಅಂತ ನೋಡಿ. ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ತೆಗೆಯಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಇರುತ್ತದೆ, ಕಳಿಸಿದ ವಿಳಾಸ ನಿಜವೇ ಅಂತ ನೋಡುವ ಮೂರು ಪರೀಕ್ಷೆಗಳು. 'ಫೇಲ್' ಇದ್ದರೆ ಅನುಮಾನ ಪಡಿ. 'ಪಾಸ್' ಇದ್ದರೂ ಹಿಗ್ಗಬೇಡಿ. ಕಳ್ಳನೂ ಸ್ವಂತ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಕೊಂಡು ಪಾಸ್ ಆಗಬಹುದು. ಆ ಹೆಸರನ್ನು ಬಲಗಡೆಯಿಂದ ಓದಿ. ಡಾಟ್ ಕಾಮ್‌ನ ಪಕ್ಕ ಎಡಕ್ಕಿರುವ ಹೆಸರೇ ಮನೆ ಯಜಮಾನನದು. ಅದಕ್ಕೂ ಎಡಕ್ಕೆ ಬ್ಯಾಂಕಿನ ಹೆಸರಿದ್ದರೆ ಅದು ಬರೀ ಬೋರ್ಡು.

ಡಿಲೀಟ್ ಮಾಡುವ ಬದಲು 'ರಿಪೋರ್ಟ್ ಸ್ಪ್ಯಾಮ್' ಒತ್ತಿ, ಫಿಲ್ಟರ್ ಕಲಿಯುತ್ತದೆ. ಲಿಂಕಿನಲ್ಲಿ ಪಾಸ್‌ವರ್ಡ್ ಹಾಕಿಬಿಟ್ಟಿದ್ದರೆ ತಕ್ಷಣ ಬದಲಾಯಿಸಿ.

ನಮ್ಮ ಮೇಡಂ ಹಾಕಿರಲಿಲ್ಲ. ಹಾಕೋಣ ಅಂತಲೇ ಇದ್ದರಂತೆ, ಆದರೆ ಮಾನಿಟರಿಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿ ಕಸ ಗುಡಿಸುವಾಗ ಹೋಗಿಬಿಟ್ಟಿತ್ತು.