ಕಾಳು ಬಂತು, ಬೇಯಿಸುವ ಬಗೆ ಬರಲಿಲ್ಲ

ಯಾರಾದರೂ ಹೊಸ ದಿನಸಿ ತಂದು ಕೈಗಿತ್ತರೆ ನಾನು ಮೊದಲು ಕೇಳುವುದು ಒಂದೇ ಮಾತು: ಇದನ್ನು ತಲೆತಲಾಂತರದಿಂದ ಉಂಡವರು ಹೇಗೆ ಬೇಯಿಸುತ್ತಿದ್ದರು? ರುಚಿಯ ಮಾತಲ್ಲ, ಹೊಟ್ಟೆಯ ಮಾತು.

ಮೆಕ್ಕೆಜೋಳದ ಕಥೆ ಕೇಳಿ. ಮೆಕ್ಸಿಕೊ ಕಡೆಯವರು ಸಾವಿರಾರು ವರ್ಷಗಳಿಂದ ಅದನ್ನು ಸುಣ್ಣದ ನೀರಲ್ಲಿ ಬೇಯಿಸಿ, ಹಾಗೇ ನೆನೆಯಲು ಬಿಟ್ಟು, ತೊಳೆದು ರುಬ್ಬುತ್ತಿದ್ದರು. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಕಾಳು ಹಡಗು ಹತ್ತಿ ಯುರೋಪಿಗೆ ಬಂತು, ಸುಣ್ಣದ ನೀರು ಬರಲಿಲ್ಲ. ಬರೀ ಸಿಪ್ಪೆ ಬಿಡಿಸುವ ಉಪಾಯ ಎಂದುಕೊಂಡರೋ ಏನೋ! ಅದನ್ನೇ ಮೂರು ಹೊತ್ತೂ ತಿಂದ ಬಡವರಿಗೆ ಚರ್ಮ ಒಡೆಯಿತು, ಭೇದಿ ಹತ್ತಿತು, ಕೆಲವರಿಗೆ ಚಿತ್ತಭ್ರಮೆಯೂ ಆಯಿತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು. ಪೆಲಗ್ರಾ ಎಂದು ಅದರ ಹೆಸರು. ನಯಾಸಿನ್ ಕೊಟ್ಟರೆ ವಾಸಿಯಾಗುತ್ತದೆ ಎಂದು ಗೊತ್ತಾಗಲು 1937 ಬರಬೇಕಾಯಿತು. ಆ ಜೀವಸತ್ವ ಮೆಕ್ಕೆಜೋಳದಲ್ಲೇ ಇದೆ, ಆದರೆ ಬಿಗಿದು ಕೂತಿರುತ್ತದೆ. ಸುಣ್ಣ ಅದನ್ನು ಬಿಡಿಸಿಕೊಡುತ್ತದೆ. ಈಗಲೂ ಒಂದೇ ಧಾನ್ಯವನ್ನು ಮೂರು ಹೊತ್ತೂ ಉಣ್ಣಬೇಡಿ ಎನ್ನುವುದು ಇದಕ್ಕೇ. ಪಕ್ಕದಲ್ಲಿ ಬೇಳೆಯೋ ಹಾಲೋ ಮೊಟ್ಟೆಯೋ ಇರಲಿ.

ಅಕ್ಕಿಯದೂ ಇದೇ ಹಾಡು. ಗಿರಣಿಗಳು ಬಂದು ತೌಡನ್ನೆಲ್ಲ ಉಜ್ಜಿ ತೆಗೆದವು, ಅದರ ಜೊತೆ ಜೀವಸತ್ವವೂ ಹೋಗಿ, ಕೈಕಾಲು ಸೋಲುವ ಬೆರಿಬೆರಿ ಕಾಯಿಲೆ ಹಬ್ಬಿತು. ಜಾವಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರಿಗೆ ಸುಳಿವು ಸಿಕ್ಕಿದ್ದು ಬಿಳಿ ಅಕ್ಕಿ ತಿಂದು ಕಾಲು ಸೋತ ಕೋಳಿಗಳಿಂದ. 1929ರಲ್ಲಿ ನೊಬೆಲ್ ಬಂತು, ಕೋಳಿಗಳಿಗೆ ಏನೂ ಇಲ್ಲ. ಅಕ್ಕಿ ಕೊಳ್ಳುವಾಗ ಮಲ್ಲಿಗೆ ಬಿಳುಪಿಗೆ ಮರುಳಾಗಬೇಡಿ.

ರಾಜ್ಮಾ ಕೂಡ ಅಮೆರಿಕದಿಂದ ಬಂದದ್ದೇ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಕುದಿಸಿ. ಹತ್ತು ನಿಮಿಷವಾದರೂ ಜೋರು ಕುದಿ ಬರಲೇಬೇಕು, ಆಮೇಲೆ ಮೆತ್ತಗಾಗುವವರೆಗೆ ಬೇಯಲಿ. ನೀರು ಕುದಿಯದಷ್ಟು ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವ ಪಾತ್ರೆಗಳಲ್ಲಿ ಅದರ ವಿಷ ಸಾಯುವುದಿಲ್ಲ. ವಾಂತಿ ಶುರುವಾದರೆ ಕಾಳು ಹಾಳಾಗಿತ್ತು ಅನ್ನುತ್ತಾರೆ, ಪಾಪ!

ಕುಕ್ಕರಿನ ಮೂಲಪುರುಷ ಡೆನಿ ಪಾಪಿನ್. 1679ರಲ್ಲಿ ಮೂಳೆ ಮೆತ್ತಗಾಗುವಂತೆ ಬೇಯಿಸುವ ಪಾತ್ರೆ ಮಾಡಿದ, ಅದು ಸಿಡಿಯದಿರಲೆಂದು ಸುರಕ್ಷತಾ ವಾಲ್ವನ್ನೂ ಕಂಡುಹಿಡಿದ. ನಾವು ಮಾತ್ರ ಅದನ್ನು ಮರೆಯುತ್ತೇವೆ. ಒಮ್ಮೆ ನಾನು ಬೇಳೆಯನ್ನು ಕಂಠಪೂರ್ತಿ ತುಂಬಿಸಿಟ್ಟು, ನೊರೆ ಉಕ್ಕಿ ರಂಧ್ರ ಕಟ್ಟಿಕೊಂಡು, ಚಾವಣಿಯನ್ನು ಮೂರು ದಿನ ಒರೆಸಿದ್ದೇನೆ. ಬೇಳೆಕಾಳಾದರೆ ನೀರು ಸೇರಿ ಅರ್ಧದಷ್ಟೇ ತುಂಬಿಸಿ, ವೆಯ್ಟ್ ಹಾಕುವ ಮೊದಲು ರಂಧ್ರದಲ್ಲಿ ಬೆಳಕು ಕಾಣುತ್ತದೋ ನೋಡಿ.

ಡಬ್ಬಿ ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1810ರಲ್ಲಿ ಬ್ರಿಟನ್ನಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಸಿಕ್ಕಿತು, ತೆರೆಯುವ ಸಾಧನ ಬರಲು ನಲವತ್ತು ವರ್ಷ ದಾಟಿತು. ಅಲ್ಲಿಯವರೆಗೆ ಉಳಿ, ಸುತ್ತಿಗೆ! ಉಬ್ಬಿದ ಡಬ್ಬಿಯನ್ನು ತೆರೆಯದೆ ಎಸೆಯಿರಿ, ಅಷ್ಟೆ.

ಇನ್ನು ಫ್ರಿಜ್. ಅದಿಲ್ಲದ ಕಾಲದಲ್ಲಿ ಉಳಿಯಬೇಕಾದದ್ದಕ್ಕೆ ಉಪ್ಪು, ಹುಳಿ, ಬಿಸಿಲು, ಹೊಗೆ ಇದ್ದವು. ಉಳಿದದ್ದನ್ನು ಅಂದಂದೇ ಮುಗಿಸುತ್ತಿದ್ದೆವು. ಈಗ ಫ್ರಿಜ್ ಇದೆಯಲ್ಲ ಎಂದು ಮಧ್ಯಾಹ್ನದ ಅನ್ನ ಸಂಜೆಯವರೆಗೆ ಒಲೆಯ ಪಕ್ಕದಲ್ಲೇ ಕೂತು, ಆಮೇಲೆ ಒಳಗೆ ಹೋಗುತ್ತದೆ. ಬೆಂದರೂ ಸಾಯದ ಕೆಲವು ಸೂಕ್ಷ್ಮಾಣು ಬೀಜಕಗಳು ಅಷ್ಟರಲ್ಲಿ ಚಿಗುರಿ ವಿಷ ಬಿಟ್ಟಿರುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಿ. ವಿಷ ಸೇರಿದ ಅನ್ನಕ್ಕೆ ವಾಸನೆಯೂ ಬರದೇ ಇರಬಹುದು. ಮೂಸಿ ನೋಡಿ ತೀರ್ಮಾನಿಸುವ ಅಭ್ಯಾಸ ನನಗೂ ಇತ್ತು, ಬಿಟ್ಟೆ.